ಪರ-ವಿರೋಧ: ಹಣದುಬ್ಬರದ ಲೆಕ್ಕ ಎಲ್ಲರಿಗೂ ಕಲಿಸಬೇಕೇ?

ಪ್ರತಿ ತಿಂಗಳು ಹಣದುಬ್ಬರದ ಅಂಕಿ ಬರುತ್ತದೆ. ಟಿವಿಯಲ್ಲಿ ಕೆಳಗೊಂದು ಸಾಲು ಓಡುತ್ತದೆ, ಪೇಪರಿನಲ್ಲಿ ಚಿಕ್ಕ ಸುದ್ದಿ ಬರುತ್ತದೆ, ಅಷ್ಟೇ. ಇಂಥ ಅಂಕಿಗಳನ್ನು, ಅವುಗಳ ಸುತ್ತ ನಡೆಯೋ ಚರ್ಚೆಯನ್ನು ಅರ್ಥಮಾಡಿಕೊಳ್ಳಲು ಜನರಿಗೆ ಕಲಿಸಬೇಕು ಅನ್ನೋ ಮಾತು ಆಗಾಗ ಕೇಳಿಬರುತ್ತದೆ. ಈ ಬಗ್ಗೆ ಎರಡು ಅಭಿಪ್ರಾಯ ಇಲ್ಲಿವೆ.

ಪರ: ಲೆಕ್ಕ ಗೊತ್ತಿಲ್ಲದಿದ್ದರೆ ಕಳೆದುಕೊಂಡದ್ದೂ ಗೊತ್ತಾಗಲ್ಲ

ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಸಂಬಳದ ಚೀಟಿ ನೋಡಿ. ಬೇಸಿಕ್ ಅಂತ ಒಂದು ಸಾಲು, ವಿಡಿಎ ಅಂತ ಇನ್ನೊಂದು. ಬೇಸಿಕ್ ವರ್ಷಗಟ್ಟಲೆ ಅಲ್ಲಾಡೋದಿಲ್ಲ. ವಿಡಿಎ, ಅಂದರೆ ತುಟ್ಟಿಭತ್ಯೆ, ಏಪ್ರಿಲ್ ಬಂದಾಗ ಬದಲಾಗುತ್ತದೆ. ಅದನ್ನು ಎಷ್ಟು ಏರಿಸಬೇಕು ಅನ್ನೋದು ಮಾಲೀಕರ ಇಷ್ಟವಲ್ಲ. ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಮನೆಗೆ ಕೊಳ್ಳೋ ಸಾಮಾನುಗಳ ಬೆಲೆ ಒಟ್ಟಾರೆ ಎಷ್ಟಾಗಿದೆ ಅಂತ ತೋರಿಸೋ ಅಂಕಿ, ಎಷ್ಟು ಪಾಯಿಂಟ್ ಏರಿತು ಅಂತ ನೋಡಿ ಲೆಕ್ಕ ಹಾಕುತ್ತಾರೆ.

2020ರ ಏಪ್ರಿಲ್‌ನಿಂದ ಚೀಟಿಯ ವಿಡಿಎ ಸಾಲಿನಲ್ಲಿ ತಿಂಗಳಿಗೆ 417 ರೂಪಾಯಿ ಚಿಲ್ಲರೆ ಜಾಸ್ತಿ ಸಿಗಬೇಕಿತ್ತು. ರಾಜ್ಯ ಸರ್ಕಾರ ಜುಲೈನಲ್ಲಿ ಆದೇಶ ಹೊರಡಿಸಿ, ಕೋವಿಡ್ ಕಾರಣ ಕೊಟ್ಟು ಅದನ್ನು 2021ರ ಮಾರ್ಚ್‌ವರೆಗೆ ಮುಂದೂಡಿತು. ಕಾರ್ಮಿಕ ಸಂಘದವರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್‌ನಲ್ಲಿ ಆ ಆದೇಶಕ್ಕೆ ತಡೆಯಾಜ್ಞೆ ಸಿಕ್ಕಿತು. ಬೆಲೆಗೆ ಕಟ್ಟಿಹಾಕಿದ ದುಡ್ಡನ್ನು ಹಾಗೆ ತಡೆಹಿಡಿಯೋಕಾಗಲ್ಲ ಅಂತ ಗೊತ್ತಿದ್ದವರು ಇದ್ದದ್ದರಿಂದ ವಿಷಯ ಕೋರ್ಟಿನವರೆಗೆ ಹೋಯಿತು. ಸಂಘವೇ ಇಲ್ಲದ ಚಿಕ್ಕ ಯೂನಿಟ್ಟಿನಲ್ಲಿ ಯಾರು ಕೇಳಬೇಕು? ಆ ಸಾಲನ್ನು ಓದಬಲ್ಲವರು ಮಾತ್ರ ಕೇಳಬಲ್ಲರು.

ಇನ್ನೊಂದು ಗೊಂದಲ ನೋಡಿ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಕೋಲಾರದ ಮಾರುಕಟ್ಟೆ ದಿನವೂ ಸುದ್ದಿಯಲ್ಲಿತ್ತು. ಜೂನ್‌ನಲ್ಲಿ ಶೇ 5ರ ಒಳಗಿದ್ದ ಹಣದುಬ್ಬರ ಜುಲೈನಲ್ಲಿ ಶೇ 7.44 ಆಯಿತು. ಮರುವರ್ಷ ಅದೇ ತಿಂಗಳು ಅದು ಶೇ 3.5ರ ಆಸುಪಾಸಿಗೆ ಬಂತು. ಹಣದುಬ್ಬರ ಇಳಿಯಿತು ಅಂತ ಸುದ್ದಿ. ಅಂಗಡಿಯಲ್ಲಿ ಏನೂ ಇಳಿದಿಲ್ವಲ್ಲ, ಸುಳ್ಳು ಹೇಳ್ತಾರೆ ಅಂತ ಜನ. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. 2022ರ ಜುಲೈನಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನು ಮರುವರ್ಷ 107 ರೂಪಾಯಿ ಚಿಲ್ಲರೆ ಆಯಿತು, ಅದರ ಮರುವರ್ಷ ಸುಮಾರು 111. ಬೆಲೆ ಇಳಿಯಲಿಲ್ಲ, ಏರೋ ವೇಗ ಇಳಿಯಿತು. ಹಿಂದಿನ ಜುಲೈನಲ್ಲೇ ಬೆಲೆ ಅಷ್ಟು ಮೇಲೆ ಹೋಗಿದ್ದರಿಂದ ಈ ಸಲದ ಏರಿಕೆ ಚಿಕ್ಕದಾಗಿ ಕಂಡಿತು. ಹತ್ತನೇ ಕ್ಲಾಸಿನ ಶೇಕಡಾ ಲೆಕ್ಕ ಬಂದರೆ ಸಾಕು, ಇದು ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಎರಡು ಅಪಾಯ. ಬೆಲೆ ಇಳಿಸಿದ್ದೇವೆ ಅಂತ ಭಾಷಣ ಮಾಡುವವರನ್ನು ನಂಬಿಬಿಡುತ್ತೇವೆ. ಇಲ್ಲವೇ ಎಲ್ಲ ಅಂಕಿಯೂ ಮೋಸ ಅಂತ ಕೈಬಿಟ್ಟುಬಿಡುತ್ತೇವೆ.

ಮನೆ ಸಾಲದ ಕಥೆಯೂ ಅಷ್ಟೇ. 2022ರ ಮೇನಿಂದ 2023ರ ಫೆಬ್ರವರಿ ಒಳಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ ದರ, ಶೇ 4ರಿಂದ ಶೇ 6.5ಕ್ಕೆ ಏರಿತು. ಎಷ್ಟೋ ಜನರ ಇಎಂಐ ಬದಲಾಗಲೇ ಇಲ್ಲ, ಸುಮ್ನೆ ಕಂತುಗಳ ಸಂಖ್ಯೆ ಜಾಸ್ತಿಯಾಯಿತು.

ತೆರಿಗೆ ಪಾಲಿನ ಜಗಳವಂತೂ ನಮ್ಮ ರಾಜ್ಯದಲ್ಲಿ ಮನೆಮಾತು. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಅಂತ ಹೇಳೋದು ಹಣಕಾಸು ಆಯೋಗ. ರಾಜ್ಯಗಳಿಗೆ ಹಂಚೋ ಮೊತ್ತದಲ್ಲಿ 14ನೇ ಆಯೋಗ ಕರ್ನಾಟಕಕ್ಕೆ ಕೊಟ್ಟಿದ್ದ ಪಾಲು ಶೇ 4.713. 15ನೇ ಆಯೋಗದಲ್ಲಿ ಅದು ಶೇ 3.647ಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ರಾಜ್ಯದ ಸಚಿವರು, ಶಾಸಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಘೋಷಣೆ ಎಲ್ಲರಿಗೂ ಬಾಯಿಪಾಠ. ಆದರೆ 15ನೇ ಆಯೋಗದ ಸೂತ್ರದಲ್ಲಿ ನೂರಕ್ಕೆ 45 ಅಂಕ ತಲಾ ಆದಾಯದ ಅಂತರಕ್ಕೇ, ಅಂದರೆ ಆದಾಯ ಕಡಿಮೆ ಇರೋ ರಾಜ್ಯಕ್ಕೆ ಹೆಚ್ಚು ಕೊಡೋದಕ್ಕೇ, ಮೀಸಲಿತ್ತು ಅಂತ ಎಷ್ಟು ಜನರಿಗೆ ಗೊತ್ತು? ಬೆಂಗಳೂರಿನಿಂದಾಗಿ ರಾಜ್ಯದ ಸರಾಸರಿ ಮೇಲೇರಿದರೆ ನಮ್ಮ ಪಾಲು ತಗ್ಗುತ್ತದೆ, ಕಲಬುರಗಿಯ ಕೂಲಿಯವರ ಆದಾಯ ಇದ್ದಲ್ಲೇ ಇದ್ದರೂ. ಇದು ತಿಳಿದ ಮೇಲೆ ದೆಹಲಿಗೂ ಪ್ರಶ್ನೆ ಕೇಳಬಹುದು, ವಿಧಾನಸೌಧಕ್ಕೂ ಕೇಳಬಹುದು.

ಇದಕ್ಕೆ ದೊಡ್ಡ ಕೋರ್ಸ್ ಬೇಡ. ಯಾವುದಕ್ಕೆ ಹೋಲಿಸಿ ಹೇಳ್ತಿದ್ದಾರೆ, ಈ ಸರಾಸರಿಯಲ್ಲಿ ಯಾರ್ಯಾರು ಸೇರಿದ್ದಾರೆ, ಲೆಕ್ಕ ಹಾಕಿದ್ದು ಯಾರು. ಈ ಮೂರು ಪ್ರಶ್ನೆ ಕೇಳೋ ಅಭ್ಯಾಸವನ್ನು ಹೈಸ್ಕೂಲಿನಲ್ಲಿ, ಸ್ವಸಹಾಯ ಸಂಘಗಳ ಸಭೆಯಲ್ಲಿ ಬೆಳೆಸಬಹುದು, ಅವರವರ ಸಂಬಳದ ಚೀಟಿ, ಸಾಲದ ಪಾಸ್‌ಬುಕ್ ಇಟ್ಟುಕೊಂಡೇ.

ವಿರೋಧ: ಪಾಠ ಬೇಕಿರೋದು ಜನರಿಗಲ್ಲ

ಅದೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಇನ್ನೊಂದು ವಿಷಯ ಹೇಳುತ್ತೇನೆ. 2016ರಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಕಾರ್ಮಿಕರು ರಸ್ತೆಗಿಳಿದರು. ಹೆಚ್ಚಿನವರು ಹೆಂಗಸರು. 19ರಂದೇ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಅವರಿಗೆ ಯಾರೂ ಆರ್ಥಿಕ ನೀತಿಯ ಪಾಠ ಮಾಡಿರಲಿಲ್ಲ. ಮಗಳ ಮದುವೆಗೆ, ಊರಿನ ಸಾಲಕ್ಕೆ ಆ ದುಡ್ಡೇ ಆಧಾರ ಅಂತ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ನಿಯಮ ಬರೆದವರಿಗೆ.

2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಒಂದು ಪ್ರಮಾಣಪತ್ರ ಕೊಟ್ಟಿತು. ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವವನು ಬಡವನಲ್ಲ ಅಂತ ಅದರ ಅರ್ಥ. ಅದು ತಪ್ಪು ಅಂತ ಹೇಳಲು ದಿನಸಿ ತರುವ ಯಾರಿಗೂ ತರಬೇತಿ ಬೇಕಾಗಲಿಲ್ಲ. ತಲೆಕೆಡಿಸಿಕೊಂಡು ಆ ಗೆರೆ ಎಳೆದವರು ದೇಶದ ದೊಡ್ಡ ಅರ್ಥಶಾಸ್ತ್ರಜ್ಞರು!

ನನ್ನ ತಕರಾರು ಇಷ್ಟೇ. ಕಲಿಸೋ ಮಾತು ಶುರುವಾದ ಕೂಡಲೇ ತಪ್ಪು ಜನರ ಮೇಲೆ ಬೀಳುತ್ತದೆ. ರಿಸರ್ವ್ ಬ್ಯಾಂಕ್ ನಗರದ ಮನೆಗಳಲ್ಲಿ ಬೆಲೆಯೇರಿಕೆ ಎಷ್ಟಿದೆ ಅನಿಸುತ್ತದೆ ಅಂತ ಸಮೀಕ್ಷೆ ನಡೆಸುತ್ತದೆ. ಜನ ಹೇಳೋ ಅಂಕಿ ಸಾಮಾನ್ಯವಾಗಿ ಸರ್ಕಾರದ ಅಂಕಿಗಿಂತ ಮೇಲೆಯೇ ಇರುತ್ತದೆ. ಜನರಿಗೆ ಲೆಕ್ಕ ಬರಲ್ಲ ಅನ್ನೋದು ಇದಕ್ಕೆ ಸುಲಭದ ವಿವರಣೆ. ಆದರೆ ಸರ್ಕಾರದ ಅಂಕಿ ಯಾರ ಮನೆಯದ್ದು ಅಂತಲೂ ಕೇಳಬೇಕಲ್ವಾ?

2012ನ್ನು ಆಧಾರ ವರ್ಷ, ಅಂದರೆ ಹೋಲಿಕೆಯ ವರ್ಷ, ಮಾಡಿಕೊಂಡ ಸೂಚ್ಯಂಕ ನೋಡಿ. ಯಾವ ಸಾಮಾನಿಗೆ ಎಷ್ಟು ತೂಕ, ಅಂದರೆ ಒಟ್ಟು ಲೆಕ್ಕದಲ್ಲಿ ಎಷ್ಟು ಪಾಲು, ಅಂತ ತೀರ್ಮಾನಿಸಿದ್ದು 2011-12ರ ಖರ್ಚಿನ ಸಮೀಕ್ಷೆಯಿಂದ. 2025ರಲ್ಲೂ ಅದೇ ತೂಕ ನಡೆಯುತ್ತಿತ್ತು. ಪಟ್ಟಿಯಲ್ಲಿ ಕ್ಯಾಸೆಟ್, ವಿಸಿಆರ್ ಇನ್ನೂ ಇದ್ದವು. ಹಳ್ಳಿಯ ಸೂಚ್ಯಂಕದಲ್ಲಿ ಮನೆ ಬಾಡಿಗೆಯೇ ಇರಲಿಲ್ಲ. ಪಟ್ಟಣದ ಲೆಕ್ಕದಲ್ಲಿ ಬಾಡಿಗೆಯೂ ಸೇರಿದ ವಸತಿ ಖರ್ಚಿಗೆ ಶೇ 21.67 ತೂಕ ಇತ್ತು. ಬೆಂಗಳೂರಿನ ಬೊಮ್ಮನಹಳ್ಳಿಯ ಒಂದು ಕೋಣೆಯ ಮನೆಗೆ ಅರ್ಧ ಸಂಬಳ ಕೊಡುವ ಕುಟುಂಬಕ್ಕೆ ಈ ಸರಾಸರಿ ಏನು ಹೇಳುತ್ತದೆ? ಅವರಿಗೆ ಅನಿಸಿದ ಬೆಲೆಯೇರಿಕೆ ಭ್ರಮೆಯಲ್ಲ, ಅವರ ಮನೆಯ ಮಟ್ಟಿಗೆ ಅದೇ ಸರಿಯಾದ ಅಂಕಿ.

ಓದೋಕೆ ಕಲಿಸಿ ಅನ್ನುವವರು ಇದಕ್ಕೂ ಉತ್ತರ ಕೊಡಬೇಕು: ಓದೋಕೆ ಇರೋದು ಏನು? 2017-18ರಲ್ಲಿ ದೇಶವಿಡೀ ಖರ್ಚಿನ ಸಮೀಕ್ಷೆ ನಡೆಯಿತು. ಅಂಕಿಗಳ ಗುಣಮಟ್ಟ ಸರಿಯಿಲ್ಲ ಅಂತ 2019ರಲ್ಲಿ ಸರ್ಕಾರ ಅದನ್ನು ಪ್ರಕಟಿಸಲೇ ಇಲ್ಲ. ಮುಂದಿನ ಸಮೀಕ್ಷೆ ನಡೆದದ್ದು 2022-23ರಲ್ಲಿ. 2011-12ರ ಸಮೀಕ್ಷೆಗೂ ಇದಕ್ಕೂ ನಡುವೆ ನೋಟು ರದ್ದತಿಯ ಏಟು, ಜಿಎಸ್‌ಟಿ, ಕೋವಿಡ್ ಎಲ್ಲ ಆಗಿಹೋಯಿತು. ಮನೆಗಳ ಖರ್ಚು ಏನಾಯಿತು ಅಂತ ಹೇಳೋ, ಪ್ರಕಟವಾದ ಅಧಿಕೃತ ಸಮೀಕ್ಷೆ ಮಾತ್ರ ಇರಲಿಲ್ಲ. 2021ರ ಜನಗಣತಿಯೂ ಆಗಲಿಲ್ಲ. ಎಷ್ಟೇ ಜಾಣ ಪ್ರಜೆಯಾದರೂ ಪ್ರಕಟವೇ ಆಗದ ಅಂಕಿಯನ್ನು ಹೇಗೆ ಓದುತ್ತಾನೆ?

ಪರ ವಾದಿಸಿದವರು ಹೇಳಿದ ವಿಡಿಎ ವಿಷಯದಲ್ಲೂ ನನಗೆ ಕಾಣೋದು ಬೇರೆ. ಅಲ್ಲಿ ಕೆಲಸಕ್ಕೆ ಬಂದದ್ದು ಒಬ್ಬೊಬ್ಬರ ತಿಳುವಳಿಕೆಯಲ್ಲ, ಸಂಘ. ಹತ್ತು ಗಂಟೆ ಮೆಷಿನ್ ಮುಂದೆ ಕೂತು, ಮನೆಗೆ ಬಂದು ಅಡುಗೆ ಮಾಡುವವಳಿಗೆ ಸೂಚ್ಯಂಕವನ್ನೂ ಓದಿಕೋ ಅನ್ನೋದು ನ್ಯಾಯವಲ್ಲ. ಅವಳ ಪರವಾಗಿ ಲೆಕ್ಕ ನೋಡಲು ಸಂಘ ಇರಲಿ, ತಪ್ಪಿದ ಕಡೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬರಲಿ.

ಖರ್ಚು ಮಾಡೋದೇ ಆದರೆ ಇಲ್ಲಿ ಮಾಡಿ. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಪ್ರತಿ ತಿಂಗಳು, ಪ್ರತಿ ಜಿಲ್ಲೆಯ ಅಕ್ಕಿ, ಬೇಳೆ, ಎಣ್ಣೆ, ಗ್ಯಾಸ್, ಬಾಡಿಗೆ, ಬಸ್ ಚಾರ್ಜು ಎಷ್ಟಿತ್ತು, ಎಷ್ಟಾಯಿತು ಅಂತ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಕೊಡಲಿ. ಅದನ್ನು ನ್ಯಾಯಬೆಲೆ ಅಂಗಡಿಯ ಗೋಡೆಗೆ, ಫ್ಯಾಕ್ಟರಿ ಗೇಟಿಗೆ ಅಂಟಿಸಲಿ. ಆ ಹಾಳೆಯ ಬೆಲೆ ತಪ್ಪಿದ್ದರೆ ಅಲ್ಲಿ ನಿಂತು ಓದಿದವರೇ ಹೇಳುತ್ತಾರೆ, ಸರಿಪಡಿಸೋ ಕೆಲಸ ಇಲಾಖೆಯದ್ದು.