ಸ್ಪೀಕರಿಗೂ ಆಂಪ್ಲಿಗೂ ಸಾಲಾವಳಿ

ದಾವಣಗೆರೆಯಲ್ಲಿ ಯಾರಾದರೂ ಮನೆಗೆ ಸೌಂಡ್ ಸಿಸ್ಟಮ್ ತಂದರೆ ನೋಡಲು ಬಂದವರ ಮೊದಲ ಪ್ರಶ್ನೆ, "ಎಷ್ಟು ವ್ಯಾಟಿಂದ್ರೀ?" ಹಾಡು ಹೇಗೆ ಕೇಳುತ್ತದೆ ಎಂಬ ಪ್ರಶ್ನೆ ಮಂಡಕ್ಕಿ ಮಿರ್ಚಿ ಮುಗಿದ ಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇದು ಗೊತ್ತಿದ್ದೇ ಡಬ್ಬಿಯ ಮೇಲೆ 4000 ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂಬ ಜಾಹೀರಾತಿನ ಲೆಕ್ಕ) ಎಂದು ಅಚ್ಚು ಹಾಕಿರುತ್ತಾರೆ. ಡಬ್ಬಿ ಬಿಡಿ, ಅಡಾಪ್ಟರ್ ತಿರುಗಿಸಿ ನೋಡಿ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಗುಣಿಸಿದಾಗ ಸಿಗುವುದು 24 ವ್ಯಾಟ್. ನಮ್ಮ 230 ವೋಲ್ಟಿನಲ್ಲಿ ನಿಜಕ್ಕೂ 4000 ವ್ಯಾಟ್ ಎಳೆದರೆ 17 ಆಂಪಿಯರ್ ದಾಟುತ್ತದೆ. ಗೀಸರಿನ 16 ಆಂಪಿಯರ್ ಸಾಕೆಟ್ಟೂ ಕೈ ಮುಗಿದೀತು. ನಂಬಬೇಕಾದದ್ದು ಆರ್‌ಎಂಎಸ್ ಅಂಕಿಯನ್ನು, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು, ಅದೂ ಎಷ್ಟು ಓಮ್‌ಗೆ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಎಂದು ಪಕ್ಕದಲ್ಲಿ ಬರೆದಿದ್ದರೆ.

ಕೋಣೆ ನೋಡಿ ಸ್ಪೀಕರ್, ಸ್ಪೀಕರ್ ನೋಡಿ ಆಂಪ್ಲಿ, ಅಂದರೆ ಸ್ಪೀಕರಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್. ನಮ್ಮವರದು ಉಲ್ಟಾ: ದೊಡ್ಡ ಆಂಪ್ಲಿ ಮೊದಲು, ಮಿಕ್ಕ ದುಡ್ಡಿಗೆ ಸ್ಪೀಕರ್. ಸ್ಪೀಕರಿನ ವಿವರದಲ್ಲಿ ಸೆನ್ಸಿಟಿವಿಟಿ 86 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಎಂದು ಇರುತ್ತದೆ. 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಕೇಳುವ ಸದ್ದು ಅದು. ಈ ಅಂಕಿ 3 ಏರಿದರೆ ಅಷ್ಟೇ ಸದ್ದಿಗೆ ಅರ್ಧದಷ್ಟು ವ್ಯಾಟ್ ಸಾಕು. 86ರ ಸ್ಪೀಕರ್ 80 ವ್ಯಾಟ್ ಕೇಳುವಲ್ಲಿ 92ರದ್ದು 20ರಲ್ಲೇ ಮುಗಿಸುತ್ತದೆ. 12×14 ಅಡಿಯ ಹಾಲಿಗೆ 8 ಓಮ್‌ನ, 87–88 ಡಿಬಿಯ ಜೋಡಿ, ಚಾನೆಲ್ಲಿಗೆ (ಎಡಕ್ಕೊಂದು, ಬಲಕ್ಕೊಂದು) 40–50 ವ್ಯಾಟ್ ಆಂಪ್ಲಿ ಧಾರಾಳ. ತೀರಾ ಸಣ್ಣ ಆಂಪ್ಲಿಯಾದರೆ ಸ್ಪೀಕರ್ ಸುಡುವುದಿಲ್ಲ ಎಂಬ ನಂಬಿಕೆಯೂ ಬೇಡ. 15 ವ್ಯಾಟಿನದನ್ನು ಹಬ್ಬದ ದಿನ ಪೂರ್ತಿ ತಿರುಗಿಸಿಟ್ಟರೆ ಸದ್ದಿನ ಅಲೆಯ ತುದಿಗಳು ಕತ್ತರಿಸಿಹೋಗಿ, ಮೊದಲು ಬಲಿಯಾಗುವುದು ಟ್ವೀಟರ್, ಅಂದರೆ ಏರುದನಿಯ ಸಣ್ಣ ಸ್ಪೀಕರ್.

ಸಾಲಾವಳಿ ಕೂಡಬೇಕಾದದ್ದು ಓಮ್‌ನಲ್ಲಿ. ಆಂಪ್ಲಿಯ ಹಿಂಬದಿ 8–16 ಓಮ್ ಎಂದಿದ್ದರೆ 4 ಓಮ್ ಸ್ಪೀಕರ್ ಕಟ್ಟಬಾರದು. ಅಷ್ಟು ನೋಡಿ ತಂದವರೂ ಅತ್ತೆಗೆ ಅಡುಗೆಮನೆಯಲ್ಲಿ ವಚನ ಕೇಳಿಸಲೆಂದು ಅದೇ ಟರ್ಮಿನಲ್ಲಿಗೆ ಇನ್ನೊಂದು ಜೋಡಿ ಸಿಕ್ಕಿಸುತ್ತಾರೆ. ಎರಡು 8 ಓಮ್ ಸಮಾನಾಂತರವಾಗಿ ಸೇರಿದರೆ 4 ಓಮ್. ತಡೆ ಇಳಿದಷ್ಟೂ ಹೆಚ್ಚು ಕರೆಂಟ್ ಹರಿದು ಆಂಪ್ಲಿ ಬಿಸಿಯೇರುತ್ತದೆ. ಮೇಲಿನ ಗಾಳಿಕಿಂಡಿಗೆ ಕ್ರೋಶಾ ಹೆಣೆದ ಬಟ್ಟೆ ಹೊದಿಸಿ, ಅದರ ಮೇಲೆ ಹೂದಾನಿ ಇಟ್ಟಿದ್ದರಂತೂ ಇನ್ನೂ ಬೇಗ. ವಚನ ಅರ್ಧಕ್ಕೆ ಬಂದಾಗ ಒಳಗಿನ ರಿಲೇ (ಆಂಪ್ಲಿಯನ್ನು ಕಾಪಾಡುವ ತಾನೇ ತಾನಾದ ಸ್ವಿಚ್ಚು) 'ಟಕ್' ಎಂದು ಸದ್ದು ನಿಲ್ಲಿಸುತ್ತದೆ. ಅತ್ತೆ ಕರೆಂಟ್ ಹೋಯಿತು ಅಂದುಕೊಳ್ಳುತ್ತಾರೆ.

ಅಮೆರಿಕದ ಅಳಿಯ ಹೊತ್ತು ತರುವ ಆಂಪ್ಲಿಯ ಕತೆ ಬೇರೆ. ಹಿಂಬದಿ 120 ವೋಲ್ಟ್ ಎಂದಷ್ಟೇ ಇದ್ದು, ಅದನ್ನು ಓದದೆ ನಮ್ಮ 230ಕ್ಕೆ ಚುಚ್ಚಿದರೆ ಸಂಗೀತಕ್ಕಿಂತ ಮೊದಲು ಹೊಗೆ ಬರುತ್ತದೆ. ಆಂಪ್ಲಿ 300 ವ್ಯಾಟ್ ಎಳೆಯುವುದಾದರೆ 500 ವಿಎ (ವೋಲ್ಟ್-ಆಂಪಿಯರ್) ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆದರೆ ಅದು ವೋಲ್ಟ್ ಇಳಿಸೀತು, ಹರ್ಟ್ಸ್, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಅಲೆಯುತ್ತದೆ ಎಂಬುದನ್ನು, ಬದಲಿಸದು. 60 ಹರ್ಟ್ಸ್ ಎಸಿ ಮೋಟರಿನ ಅಲ್ಲಿನ ರೆಕಾರ್ಡ್ ಪ್ಲೇಯರ್ ನಮ್ಮ 50ರಲ್ಲಿ ನಿಮಿಷಕ್ಕೆ 33⅓ ಸುತ್ತುವ ಬದಲು 28ರ ಹತ್ತಿರ ಸುತ್ತುತ್ತದೆ. ಗಾಯಕಿಯ ದನಿಗೆ ನೆಗಡಿ ಹಿಡಿಯುತ್ತದೆ.

ರೆಕಾರ್ಡ್ ಪ್ಲೇಯರ್ ಸರಿಯಿದ್ದರೂ ಆಂಪ್ಲಿಯ ಆಕ್ಸ್ ತೂತಿಗೆ (ಸಿಡಿ ಪ್ಲೇಯರ್ ಥರದವಕ್ಕೆ ಇರುವುದು) ನೇರ ಚುಚ್ಚಬೇಡಿ. ರೆಕಾರ್ಡಿನ ಮೇಲೆ ಓಡುವ ಸೂಜಿ ಇರುವ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್ ಕೊಡುವುದು 5 ಮಿಲಿವೋಲ್ಟ್ ಆಸುಪಾಸು, ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್. ನಡುವೆ ಆ ಸಣ್ಣ ವೋಲ್ಟನ್ನು ಹಿಗ್ಗಿಸುವ ಫೋನೋ ಪ್ರೀಆಂಪ್ ಬೇಕು, ಒಂದೇ ಒಂದು. ಪ್ಲೇಯರಿನೊಳಗಿನದೂ ಆಂಪ್ಲಿಯದೂ ಎರಡೂ ಕೆಲಸ ಮಾಡಿದರೆ ಕರ್ಕಶವೋ ಕರ್ಕಶ. ಗುಂಯ್ ಎಂದರೆ ಪ್ಲೇಯರಿನ ಸಣ್ಣ ಗ್ರೌಂಡ್ ತಂತಿಯನ್ನು ಆಂಪ್ಲಿಯ ಗ್ರೌಂಡ್ ತಿರುಪಿಗೆ ಕಟ್ಟಿಲ್ಲ ಎಂದೇ ಅರ್ಥ ಮಾಡಿಕೊಂಡು ಹುಡುಕಿ.

ಸ್ಪೀಕರ್ ತಂತಿಗೆ ಸಾವಿರಗಟ್ಟಲೆ ಸುರಿಯಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಮೀ ತಾಮ್ರದ ಜೋಡಿ ತಂತಿ 10 ಮೀಟರ್‌ವರೆಗೆ ಸಾಕು. 1 ಸೆಂಟಿಮೀಟರ್ ಸುಲಿದು, ಎಳೆಗಳನ್ನು ಹುರಿಗೊಳಿಸಿ. ಒಂದು ಎಳೆ ಪಕ್ಕದ ತಿರುಪಿಗೆ ತಾಗಿದರೂ ಆಂಪ್ಲಿಗೆ ಅಪಾಯ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಹಾಡುವವರ ದನಿ ಎರಡು ಸ್ಪೀಕರುಗಳ ನಡುವಿನಿಂದ ಬಾರದೆ ಅಲ್ಲಿ ಇಲ್ಲಿ ಅಲೆಯುತ್ತ, ಬೇಸ್ ಸೊರಗಿದ್ದರೆ ಯಾವುದಾದರೂ ಒಂದು ಸ್ಪೀಕರಿನ ತಂತಿಗಳನ್ನು ಅದಲುಬದಲು ಮಾಡಿ. ಎರಡೂ ಸ್ಪೀಕರುಗಳದ್ದನ್ನು ಬದಲಿಸಿ "ಏನೂ ಫರಕಾಗಲಿಲ್ಲ ಬಿಡ್ರೀ" ಅನ್ನುವವರೂ ಇದ್ದಾರೆ.