ಬೋಳು ಮರ ಸತ್ತ ಮರವಲ್ಲ

ಹಿಮ, ಬೋಳು ಮರ, ಒಂಟಿ ಕಾಗೆ. ಕೆಳಗೆ ‘ಸತ್ತ ಕಾಡು’ ಅಂತ ಒಂದು ಸಾಲು. ಚಳಿಗಾಲ ಬಂತೆಂದರೆ ಇಂಥ ಫೋಟೋಗಳು ಒಂದರ ಹಿಂದೊಂದು ಬರುತ್ತವೆ. ಫೋಟೋ ಚೆನ್ನಾಗಿಯೇ ಇರುತ್ತದೆ. ಆ ಸಾಲು ಮಾತ್ರ ನನಗೆ ಪ್ರತಿ ಸಲವೂ ಚುಚ್ಚುತ್ತದೆ. ಸತ್ತಿದೆ ಅಂದುಕೊಂಡವರಿಗೆ ಹತ್ತಿರ ಹೋಗಿ ನೋಡಬೇಕು ಅನ್ನಿಸುವುದೇ ಇಲ್ಲ.

ಹತ್ತಿರ ಹೋದರೆ ಕೊಂಬೆಯ ತುದಿಯಲ್ಲಿ ಮೊಗ್ಗು ಕಾಣುತ್ತದೆ. ಅದು ವಸಂತ ಬಂದ ಮೇಲೆ ಹುಟ್ಟುವುದಲ್ಲ. ಹಿಂದಿನ ಬೇಸಿಗೆಯಲ್ಲೇ ಮರ ಅದನ್ನು ಕಟ್ಟಿಕೊಂಡಿರುತ್ತದೆ. ಹೊರಗೆ ಒಂದರ ಮೇಲೊಂದು ಗಟ್ಟಿ ಪೊರೆ, ಒಳಗೆ ಮುಂದಿನ ವರ್ಷದ ಎಲೆಗಳು ಪುಟ್ಟದಾಗಿ ಮಡಿಸಿಕೊಂಡು ಕೂತಿರುತ್ತವೆ. ಸೇಬಿನ ಮರಕ್ಕಂತೂ ಚಳಿ ಬೇಕೇ ಬೇಕು. ಹಲವು ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು 1000 ಗಂಟೆ ಸಿಗದಿದ್ದರೆ ಹೂವು ಸರಿಯಾಗಿ ಬಿಡುವುದಿಲ್ಲ. ಬೋಳು ಮರ ಚಳಿಯ ಲೆಕ್ಕ ಇಡುತ್ತಾ ನಿಂತಿದೆ, ಅಷ್ಟೇ.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದವರು ಕಾರ್ಲ್ ಬ್ಲಾಸ್‌ಫೆಲ್ಟ್. ಬರ್ಲಿನ್‌ನಲ್ಲಿ ಕಲೆ ಕಲಿಸುವ ಮೇಷ್ಟ್ರು. ವಿದ್ಯಾರ್ಥಿಗಳಿಗೆ ಪಾಠ ಮಾಡಲೆಂದೇ ಗಿಡಗಳ ಫೋಟೋ ತೆಗೆಯುತ್ತಿದ್ದರು. ಕುಡಿ, ಮೊಗ್ಗು, ಕಡ್ಡಿ, ಒಣಗಿದ ಬೀಜದ ಕಾಯಿ. ಹಿಂದೆ ಖಾಲಿ ಹಿನ್ನೆಲೆ, ಮುಂದೆ ಎಷ್ಟೋ ಪಟ್ಟು ದೊಡ್ಡದಾದ ಒಂದು ಕಡ್ಡಿ. 1928ರಲ್ಲಿ ಅವು ಪುಸ್ತಕವಾಗಿ ಬಂದಾಗ ಅವರಿಗೆ 60 ದಾಟಿತ್ತು. ಆ ಕಡ್ಡಿಗಳನ್ನು ನೋಡುವಾಗ ಕೆತ್ತಿದ ಕಂಬ ನೋಡಿದ ಹಾಗಾಗುತ್ತದೆ. ಹಿಮವೂ ಇಲ್ಲ, ಬೇಸರದ ಬಣ್ಣವೂ ಇಲ್ಲ. ಚಳಿಗಾಲದ ಫೋಟೋ ತೆಗೆಯುವವರು ಮೊದಲು ಇವನ್ನು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಚಳಿಗಾಲವಿಡೀ ಮಲಗುವ ಪ್ರಾಣಿಗಳನ್ನು ಚಿತ್ರದಲ್ಲಿ ತೋರಿಸುವುದು ಇನ್ನೂ ಕಷ್ಟ. ಆರ್ಕ್ಟಿಕ್ ನೆಲ ಅಳಿಲಿನ ಮೈ ಬಿಸಿ ಆ ನಿದ್ದೆಯಲ್ಲಿ ಸೊನ್ನೆಗಿಂತಲೂ ಕೆಳಗೆ, ಸುಮಾರು ಮೈನಸ್ 2.9 ಡಿಗ್ರಿಗೆ ಇಳಿಯುತ್ತದೆ. ಎರಡು ಮೂರು ವಾರಕ್ಕೊಮ್ಮೆ ಅದು ನಡುಗಿ ನಡುಗಿ ತನ್ನನ್ನು ತಾನೇ ಬಿಸಿ ಮಾಡಿಕೊಂಡು, ಮತ್ತೆ ಮಲಗುತ್ತದೆ. ಉತ್ತರ ಅಮೆರಿಕದ ವುಡ್ ಫ್ರಾಗ್ ಅನ್ನುವ ಕಪ್ಪೆ ಒಣ ಎಲೆಗಳ ಕೆಳಗೆ ಹೆಪ್ಪುಗಟ್ಟಿಬಿಡುತ್ತದೆ. ಎದೆ ಬಡಿತ ನಿಲ್ಲುತ್ತದೆ. ಹಿಮ ಕರಗಿದಾಗ ಮತ್ತೆ ಬಡಿಯುತ್ತದೆ. ಕರಡಿ ಗುಹೆಯೊಳಗೆ ಅನ್ನ ನೀರಿಲ್ಲದೆ ಮಲಗಿದ್ದೇ ಮರಿ ಹಾಕಿ ಹಾಲೂಡಿಸುತ್ತದೆ. ಇಷ್ಟೆಲ್ಲ ನಡೆಯುತ್ತಿದ್ದರೂ ಹೊರಗಿನಿಂದ ಕಾಣುವುದು ಬರೀ ಹಿಮ.

ಕಾಣುವುದಿಲ್ಲ ಅಂತ ಕೆಲವರು ಒಳಗೇ ನುಗ್ಗುತ್ತಾರೆ. ಬಾವಲಿಗಳು ಮಲಗಿರುವ ಗುಹೆಗೆ ಫ್ಲ್ಯಾಶ್ ಹಿಡಿದು ಹೋಗುತ್ತಾರೆ. ಇದಕ್ಕೆ ನನ್ನ ವಿರೋಧ ಪೂರ್ತಿ ಇದೆ. ಬಾವಲಿ ಚಳಿಗಾಲ ಕಳೆಯುವುದು ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ. ಒಮ್ಮೆ ಎಚ್ಚರವಾದರೆ ಅದರಲ್ಲಿ ಒಂದಷ್ಟು ಉರಿದುಹೋಗುತ್ತದೆ. ತಿನ್ನಲು ಹೊರಗೆ ಹುಳ ಇರುವುದಿಲ್ಲ. ಉತ್ತರ ಅಮೆರಿಕದಲ್ಲಿ 2006ರಿಂದ ಒಂದು ಬಿಳಿ ಬೂಷ್ಟಿನ ರೋಗ ಲಕ್ಷಗಟ್ಟಲೆ ಬಾವಲಿಗಳನ್ನು ಕೊಂದಿದೆ. ಆ ಬೂಷ್ಟು ಅವುಗಳನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ವಸಂತ ಬರುವ ಮೊದಲೇ ಕೊಬ್ಬು ಮುಗಿದುಹೋಗುತ್ತದೆ. ರೋಗ ಮಾಡುವ ಕೆಲಸವನ್ನೇ ನಮ್ಮ ಫ್ಲ್ಯಾಶ್ ಕೂಡ ಮಾಡಬೇಕಾ? ಬ್ರಿಟನ್‌ನಲ್ಲಿ ಹೀಗೆ ಬೇಕೆಂದೇ ತೊಂದರೆ ಕೊಡುವುದು ಅಪರಾಧ. ಕಾನೂನು ಇಲ್ಲದ ಕಡೆಯೂ ನಾವು ಹೊರಗೇ ನಿಲ್ಲಬೇಕು.

ಹೊರಗೆ ನಿಂತರೆ ಏನೂ ಸಿಗುವುದಿಲ್ಲ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಕರಡಿಯ ಗುಹೆಯ ಬಾಯಿಯಲ್ಲಿ ಅದರ ಉಸಿರೇ ಹರಳುಗಟ್ಟಿ ಕೂತಿರುತ್ತದೆ. ದೂರದಿಂದ ಉದ್ದ ಲೆನ್ಸ್‌ನಲ್ಲಿ ತೆಗೆದ ಆ ಹರಳುಗಳ ಚಿತ್ರದಲ್ಲಿ ಕರಡಿ ಇಲ್ಲದಿದ್ದರೂ ಕರಡಿ ಇರುತ್ತದೆ. ಇನ್ನು ಚಿತ್ರ ಬರೆಯುವವರಿಗಂತೂ ಯಾವ ಬಾಗಿಲೂ ಮುಚ್ಚಿಲ್ಲ. ಬಾಲವನ್ನು ಮುಖದ ಮೇಲೆ ಹೊದ್ದು ಉಂಡೆಯಾಗಿ ಮಲಗಿದ ಡಾರ್‌ಮೌಸ್ ಅನ್ನುವ ಇಲಿಯಂಥ ಪುಟ್ಟ ಪ್ರಾಣಿಯನ್ನು ಅದರ ಗೂಡು ಮುಟ್ಟದೆಯೇ ಬರೆಯಬಹುದು. ಈ ವಿಷಯದಲ್ಲಿ ಕುಂಚಕ್ಕೆ ಕ್ಯಾಮೆರಾಗಿಂತ ಜಾಸ್ತಿ ಸ್ವಾತಂತ್ರ್ಯ ಇದೆ, ಅಲ್ವಾ?

ಕ್ಯಾಮೆರಾ ಹಿಡಿಯುವವರಿಗೆ ಒಂದು ಸಣ್ಣ ಮಾತು. ಹಿಮದ ನಡುವೆ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಬಿಳಿಯನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಗೆ ತೆಗೆದುಕೊಳ್ಳುವ ಬೆಳಕು, ಒಂದರಿಂದ ಎರಡು ಸ್ಟಾಪ್ ಏರಿಸಿ. ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು. ಅರ್ಧಕ್ಕರ್ಧ ‘ಸತ್ತ ಕಾಡು’ ಆ ಬೂದಿ ಬಣ್ಣದಿಂದಲೇ ಹುಟ್ಟುತ್ತದೆ ಅನ್ನಿಸುತ್ತದೆ ನನಗೆ.

ಕಳೆದ ಚಳಿಗಾಲದಲ್ಲಿ ಒಂದೇ ಕೊಂಬೆಯನ್ನು ಪ್ರತಿ ಭಾನುವಾರ ತೆಗೆದೆ. ಒಟ್ಟು 14 ಫೋಟೋ. ಎಲ್ಲವೂ ಒಂದೇ ಥರ ಕಂಡು ಬೇಜಾರಾಗಿತ್ತು. ಆಮೇಲೆ ಪ್ರಿಂಟ್ ಹಾಕಿಸಿ ನೆಲದ ಮೇಲೆ ಸಾಲಾಗಿ ಹರಡಿದೆ. 11ನೆಯದರಲ್ಲಿ ಪೊರೆ ಕೂದಲೆಳೆಯಷ್ಟು ಸಡಿಲವಾಗಿತ್ತು. 13ನೆಯದರಲ್ಲಿ ಆ ಸಂದಿಯಲ್ಲಿ ಒಂದು ಹಸಿರು ಗೆರೆ. ತೆಗೆಯುವ ದಿನ ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಈ ಸಲವೂ ಅದೇ ಕೊಂಬೆಗೆ ದಾರ ಕಟ್ಟಿ ಗುರುತು ಮಾಡಿ ಬಂದಿದ್ದೇನೆ.