ಇಳಿದು ತಳ್ಳಿಕೊಂಡು ಹೋಗಿ

ವಾಹನಗಳಿಲ್ಲದ ಸೈಕಲ್ ದಾರಿಯಲ್ಲಿ ಸೈಕಲ್ ಹೊಡೆಯುವ ಆಸೆಯೇ? ಮೊದಲು ಒಂದು ಕಾರು ಹೊಂದಿಸಿಕೊಳ್ಳಿ.

ತಮಾಷೆ ಅಲ್ಲ. ಬೆಟ್ಟಗುಡ್ಡದ ಸೀಮೆಯಲ್ಲಿ ಪ್ರವಾಸಿಗರಿಗೆಂದು ಮಾಡಿದ ಇಂಥ ದಾರಿಗಳ ನಕ್ಷೆ ತೆಗೆದು ನೋಡಿ. ಹಸಿರು ಗೆರೆ ಶುರುವಾಗುವ ಕಡೆ ಒಂದು ‘ಪಿ’, ಮುಗಿಯುವ ಕಡೆ ಇನ್ನೊಂದು ‘ಪಿ’. ಪಾರ್ಕಿಂಗ್. ಅಲ್ಲಿಗೆ ಬರುವುದಕ್ಕೆ ಇರುವುದು ಒಂದೇ ರಸ್ತೆ, ಅದರ ತುಂಬಾ ಲಾರಿ. ಸೈಕಲ್ ತುಳಿದುಕೊಂಡು ಬಂದರೆ ಜೀವಕ್ಕೆ ಗ್ಯಾರಂಟಿ ಇಲ್ಲ. ಹಾಗಾಗಿ ಜನ ಸೈಕಲನ್ನು ಕಾರಿನ ತಲೆಗೆ ಕಟ್ಟುತ್ತಾರೆ, ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬರುತ್ತಾರೆ, ಹಸಿರು ಗೆರೆಯ ಮೇಲೆ ಒಂದು ಸುತ್ತು ಹೊಡೆಯುತ್ತಾರೆ, ಮತ್ತೆ ತಲೆಗೆ ಕಟ್ಟಿಕೊಂಡು ವಾಪಸ್. ಸೈಕಲ್ ಮನುಷ್ಯನನ್ನು ಹೊತ್ತದ್ದಕ್ಕಿಂತ ಕಾರು ಸೈಕಲನ್ನು ಹೊತ್ತದ್ದೇ ಜಾಸ್ತಿ.

ಮನೆ ಬಾಗಿಲಿನಿಂದಲೇ ಸೈಕಲ್ ಹತ್ತಿ ಊರೂರು ಸುತ್ತುವವನ ಪಾಡು ಬೇರೆ. ಕ್ಯಾರಿಯರಿನ ಎರಡೂ ಬದಿಗೆ ಚೀಲ, ಮೇಲೊಂದು ಟೆಂಟು, ಹ್ಯಾಂಡಲಿಗೆ ಇನ್ನೊಂದು ಚೀಲ. ಹದಿನೈದಿಪ್ಪತ್ತು ಕಿಲೋ ಸಾಮಾನು. ಈ ದಾರಿಗಳೆಲ್ಲ ಮಂಜೂರಾಗುವುದು ಇವನ ಹೆಸರಿನಲ್ಲೇ. ಕರಪತ್ರದ ಮುಖಪುಟದಲ್ಲಿ ನಗುತ್ತಾ ನಿಂತಿರುವವನೂ ಇವನೇ. ನಿಂತಿರುವವನು, ಗಮನಿಸಿ. ಏರು ಹತ್ತುವಾಗಿನ ಅವನ ಮುಖವನ್ನು ಯಾವ ಇಲಾಖೆಯೂ ಅಚ್ಚು ಹಾಕಿಸುವುದಿಲ್ಲ.

ಬೆಟ್ಟದ ಸೀಮೆಯಲ್ಲಿ ಸಮತಟ್ಟು ನೆಲ ಅಂತ ಇದ್ದರೆ ಅದು ಕಣಿವೆಯಲ್ಲಿ, ಹೊಳೆಯ ಪಕ್ಕ. ನೀರು ಸಾವಿರಾರು ವರ್ಷ ಕೊರೆದು ಕೊಟ್ಟ ಪುಕ್ಕಟೆ ದಾರಿ ಅದು. ಅದನ್ನು ಯಾರಿಗೆ ಕೊಟ್ಟಿದ್ದೇವೆ? ನೂರು ಕುದುರೆಗಳ ಶಕ್ತಿ ಇರುವ ಕಾರಿಗೆ. ಸೈಕಲಿನವನ ಶಕ್ತಿ ಎಷ್ಟು? ಸಾಧಾರಣ ಆಳು ಬಹಳ ಹೊತ್ತು ತುಳಿದರೆ ಸುಮಾರು 150 ವ್ಯಾಟ್. ಒಂದು ಕುದುರೆ ಅಂದರೆ 746 ವ್ಯಾಟ್. ಲೆಕ್ಕ ಹಾಕಿದರೆ ಇವನು ಕುದುರೆಯ ಐದನೇ ಒಂದು ಭಾಗ. ಬಾಲ, ಮತ್ತೆ ಒಂದು ಹಿಂಗಾಲು ಅಂತ ಇಟ್ಟುಕೊಳ್ಳಿ. ನೂರು ಕುದುರೆಗೆ ತಗ್ಗಿನ ದಾರಿ ಬಿಟ್ಟುಕೊಟ್ಟು, ಈ ಬಾಲವನ್ನು ಬೆಟ್ಟದ ನೆತ್ತಿಗೆ ಅಟ್ಟುತ್ತಾರೆ. ದಾರಿ ಮಾಡಿಸಿದ ಎಂಜಿನಿಯರ್ ಸಾಹೇಬರನ್ನು ಕೇಳಿ ನೋಡಿ:

‘ಸರ್, ಇಲ್ಲಿ ಏರು ಜಾಸ್ತಿ ಆಯ್ತು ಅಲ್ವಾ?’

‘ಅದಕ್ಕೇ ಅಲ್ವೇನ್ರೀ ಮೇಲಿಂದ ನೋಟ ಚೆನ್ನಾಗಿರೋದು!’

ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ 100 ಕಿಲೋ ಅನ್ನಿ. ಶೇಕಡಾ 10ರ ಏರಿನಲ್ಲಿ ಗಂಟೆಗೆ 6 ಕಿಲೋಮೀಟರ್ ಹೋಗುವುದಕ್ಕೇ 160 ವ್ಯಾಟಿಗೂ ಹೆಚ್ಚು ಬೇಕು. ಕೆಳಗಿಳಿದು ಸುಮ್ನೆ ನಡೆದರೂ ಹೆಚ್ಚೂಕಡಿಮೆ ಅಷ್ಟೇ ವೇಗ. ಈ ಲೆಕ್ಕ ಕಚೇರಿಯ ಮೇಜಿನ ಮೇಲೆ ಕಾಣುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಅಂತಾರೆ. ಮೇಜಿನ ಮೇಲೆ ಬೆಟ್ಟವೇ ಇಲ್ಲ, ಬರೀ ಕಾಗದ.

ಈ ಲೆಕ್ಕ ಚೆನ್ನಾಗಿ ಗೊತ್ತಿದ್ದವರು ಒಬ್ಬರಿದ್ದರು: 19ನೇ ಶತಮಾನದ ರೈಲ್ವೆ ಎಂಜಿನಿಯರ್. ಅವರಿಗೆ ಸೈಕಲಿನ ಮೇಲೆ ಪ್ರೀತಿ ಇತ್ತು ಅಂತಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಜಾರುತ್ತದೆ, ಭಾರದ ರೈಲು ಶೇಕಡಾ ಎರಡು ಏರು ಕಂಡರೇ ಏದುಸಿರು ಬಿಡುತ್ತದೆ. ಹಾಗಾಗಿ ಗುಡ್ಡ ಅಡ್ಡ ಬಂದರೆ ಸುರಂಗ ಕೊರೆದರು, ಕಣಿವೆ ಬಂದರೆ ಸೇತುವೆ ಕಟ್ಟಿದರು. ಆಮೇಲೆ ರೈಲು ನಿಂತಿತು, ಹಳಿ ಕಿತ್ತರು, ದಾರಿ ಉಳಿಯಿತು. ಇವತ್ತು ಬೆಟ್ಟದ ಸೀಮೆಗಳಲ್ಲಿ ನಿಜಕ್ಕೂ ಸಲೀಸಾಗಿ ತುಳಿಯಬಹುದಾದ ದಾರಿಗಳಲ್ಲಿ ಹೆಚ್ಚಿನವು ಹೀಗೆ ಸತ್ತ ರೈಲಿನ ಆಸ್ತಿ. ಅಮೆರಿಕದಲ್ಲಿ ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲೆಂಡ್‌ವರೆಗೆ ಸುಮಾರು 240 ಕಿಲೋಮೀಟರ್ ಅಪಲಾಚಿಯನ್ ಬೆಟ್ಟಸಾಲನ್ನೇ ದಾಟಬಹುದು, ಗೇರಿಗೆ ಜಾಸ್ತಿ ಕೆಲಸ ಕೊಡದೆ. ಸೈಕಲಿಗೆ ಅಂತಲೇ ಯಾರೂ ಯೋಚನೆ ಮಾಡದೆ ಇದ್ದದ್ದೇ ಒಳ್ಳೆಯದಾಯಿತು.

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಬಕ್ಸ್‌ಟನ್, ಬೇಕ್‌ವೆಲ್ ಎಂಬ ಊರುಗಳ ನಡುವಿನ ಹಳೇ ರೈಲು ಹಾದಿಯ ಮೇಲೆ ಮಾನ್ಸಲ್ ಟ್ರೇಲ್ ಅಂತ ಒಂದು ದಾರಿ ಇದೆ. ಅದರ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. 1863ರಲ್ಲಿ ಅಲ್ಲಿ ರೈಲಿಗೆಂದು ದೊಡ್ಡ ಕಮಾನು ಸೇತುವೆ ಕಟ್ಟಿದ್ದಕ್ಕೆ ಆ ಕಾಲದ ಹೆಸರಾಂತ ಕಲಾವಿಮರ್ಶಕರೊಬ್ಬರು ಕೆಂಡಾಮಂಡಲವಾಗಿದ್ದರು. ಬಕ್ಸ್‌ಟನ್ನಿನ ಮೂರ್ಖರೆಲ್ಲ ಅರ್ಧ ಗಂಟೆಯಲ್ಲಿ ಬೇಕ್‌ವೆಲ್ ತಲುಪಲಿ, ಬೇಕ್‌ವೆಲ್ಲಿನ ಮೂರ್ಖರೆಲ್ಲ ಬಕ್ಸ್‌ಟನ್ ತಲುಪಲಿ ಅಂತ ಕಣಿವೆಯನ್ನೇ ಹಾಳು ಮಾಡಿದರು ಎಂಬುದು ಅವರ ದೂರು. ಕಣಿವೆ ಹಾಳು ಮಾಡಿದ ಅದೇ ಸೇತುವೆ 1970ರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಈಗ ಜನ ಅದರ ಫೋಟೋ ತೆಗೆಯಲೆಂದೇ ಬರುತ್ತಾರೆ.

ರೈಲು ನಿಂತದ್ದು 1968ರಲ್ಲಿ. ಸುರಂಗಗಳ ಬಾಯಿಗೆ ತಡೆ ಬಿತ್ತು. ಒಳಗೆ ಹೋದರೆ ಅಪಾಯ. ಉಳಿದ ಹಾದಿಯಲ್ಲಿ ನಡೆಯುವವರು ಸುರಂಗ ಬಂದ ಕಡೆಯೆಲ್ಲ ಗುಡ್ಡ ಸುತ್ತಿ ಹೋಗಬೇಕಿತ್ತು. ಒಂದೊಂದು ಸುರಂಗವೂ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಅವನ್ನು ತೆರೆದದ್ದು 2011ರಲ್ಲಿ. ನಲವತ್ತಮೂರು ವರ್ಷ! ಕೈಯಲ್ಲಿ ಕೊರೆದವರಿಗೂ ಇಷ್ಟು ಹೊತ್ತು ಹಿಡಿದಿರಲಿಲ್ಲ.

ಈಗ ಎಲ್ಲ ಸರಿಯಾಯಿತಾ? ದಾರಿ ಬಕ್ಸ್‌ಟನ್ನಿಗೆ ಸುಮಾರು 5 ಕಿಲೋಮೀಟರ್ ಮುಂಚೆಯೇ ಮುಗಿದುಹೋಗುತ್ತದೆ. ಅಲ್ಲಿಂದಾಚೆ ಹಳಿಯ ಮೇಲೆ ಇನ್ನೂ ಕಲ್ಲುಗಣಿಯ ಗೂಡ್ಸ್ ಓಡುತ್ತದೆ. ಸೈಕಲಿನವನು ಒಂದೋ ಭಾರೀ ವಾಹನಗಳ ಹೆದ್ದಾರಿಗೆ ಇಳಿಯಬೇಕು, ಇಲ್ಲವೇ ಗುಡ್ಡ ಹತ್ತಬೇಕು. ಅಂದರೆ 19ನೇ ಶತಮಾನದ ಮೂರ್ಖನಿಗೆ ಅರ್ಧ ಗಂಟೆಯಲ್ಲಿ ಸಾಧ್ಯವಾಗಿದ್ದು 21ನೇ ಶತಮಾನದ ಬುದ್ಧಿವಂತನಿಗೆ ಸಾಧ್ಯವಿಲ್ಲ. ದಾರಿ ಮುಗಿಯುವ ಕಡೆ ಏನಿದೆ ಅಂತ ಕೇಳುತ್ತೀರಾ? ಕಾರ್ ಪಾರ್ಕಿಂಗ್.

ಇನ್ನು ಗೇಟುಗಳು. ವಾಹನಮುಕ್ತ ದಾರಿ ಅಂದಮೇಲೆ ವಾಹನ ಬರದಂತೆ ತಡೆಯಬೇಕು, ಒಪ್ಪೋಣ. ತಡೆಯುವುದು ಯಾರನ್ನು? ಮೋಟಾರ್ ಬೈಕಿನ ಪುಂಡರನ್ನು. ಅದಕ್ಕೆ ಕಬ್ಬಿಣದ ಕಂಬಗಳನ್ನು, ನಡುವಿನ ಸಂದಿ ಮೇಲೆ ಕಿರಿದು ಕೆಳಗೆ ಅಗಲ ಇರುವ ಹಾಗೆ ನೆಡುತ್ತಾರೆ. ಬೈಕಿನ ಹ್ಯಾಂಡಲ್ ತೂರಬಾರದು. ಬೈಕಿನವನು ಪಕ್ಕದ ಬೇಲಿಯ ಸಂದಿಯಲ್ಲಿ ನುಗ್ಗಿ ಹೋಗುತ್ತಾನೆ. ಅವನು ಕಾನೂನು ಮುರಿಯಲೆಂದೇ ಬಂದವನು, ಬೇಲಿ ಯಾವ ಲೆಕ್ಕ? ಸಿಕ್ಕಿಬೀಳುವುದು ನಮ್ಮ ಚೀಲದವನು. ಇಳಿಯಬೇಕು, ಚೀಲಗಳನ್ನು ಒಂದೊಂದಾಗಿ ಬಿಚ್ಚಬೇಕು, ಆಚೆ ಇಟ್ಟು ಬರಬೇಕು, ಸೈಕಲನ್ನು ಹಿಂಗಾಲ ಮೇಲೆ ನಿಂತ ಕುದುರೆಯ ಹಾಗೆ ಎತ್ತಿ ಹಿಡಿದು ತೂರಿಸಬೇಕು, ಮತ್ತೆ ಎಲ್ಲ ಕಟ್ಟಬೇಕು. ಕಟ್ಟಿ ಮುಗಿಸಿ ತಲೆ ಎತ್ತಿದರೆ ಮುಂದಿನ ಗೇಟು ಕಾಣುತ್ತದೆ. ಮೂರು ಗಾಲಿಯ ಸೈಕಲಿನವರು, ಮಗುವನ್ನು ಹಿಂದೆ ಗಾಡಿಯಲ್ಲಿ ಕೂರಿಸಿಕೊಂಡು ಬಂದವರು, ಗಾಲಿಕುರ್ಚಿಯವರು ಅಲ್ಲಿಂದಲೇ ವಾಪಸ್ ಹೋಗುವುದು. ಅವರಿಗೆ ಎತ್ತಿ ತೂರಿಸುವ ಭಾಗ್ಯವೂ ಇಲ್ಲ.

ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಜಾಲವನ್ನು ನೋಡಿಕೊಳ್ಳುವ, ಆಗ ಸಸ್ಟ್ರಾನ್ಸ್ ಅಂತ ಹೆಸರಿದ್ದ ಸಂಸ್ಥೆ 2018ರಲ್ಲಿ ತನ್ನ ದಾರಿಗಳ ಮೇಲಿನ ಇಂಥ ತಡೆಗಳನ್ನು ಎಣಿಸಿತು. ಸಿಕ್ಕಿದ್ದು 16,000ಕ್ಕೂ ಹೆಚ್ಚು. ಎಣಿಸಿದವರಿಗೆ ದೊಡ್ಡ ನಮಸ್ಕಾರ. ಎರಡು ವರ್ಷ ಬಿಟ್ಟು, ತನ್ನದೇ ಜಾಲದ ಸುಮಾರು ಕಾಲು ಭಾಗವನ್ನು ಅದೇ ಸಂಸ್ಥೆ ಒಂದೋ ಕೈಬಿಟ್ಟಿತು, ಇಲ್ಲವೇ ನುರಿತವರಿಗೆ ಮಾತ್ರ ಅಂತ ಬೇರೆ ಪಟ್ಟಿಗೆ ಹಾಕಿತು. ವಾಹನಗಳ ಭರಾಟೆಯಲ್ಲಿ ಅವು ಸೈಕಲಿಗೆ ಸುರಕ್ಷಿತವಲ್ಲ ಅಂತ. ಪ್ರಾಮಾಣಿಕತೆ ಮೆಚ್ಚಬೇಕಾದ್ದೇ. ಆದರೂ ನೋಡಿ, ರಸ್ತೆ ಬದಲಾಗಲಿಲ್ಲ, ಲಾರಿ ಕಡಿಮೆಯಾಗಲಿಲ್ಲ. ನಕ್ಷೆಯ ಗೆರೆ ಒಂದೇ ಬದಲಾದದ್ದು.

2020ರಲ್ಲೇ ಇಂಗ್ಲೆಂಡಿನ ಸಾರಿಗೆ ಇಲಾಖೆ ಸೈಕಲ್ ದಾರಿಗಳ ವಿನ್ಯಾಸಕ್ಕೆ ಹೊಸ ಮಾರ್ಗಸೂಚಿ ತಂದಿತು. ಇಂಥ ಅಡ್ಡಗಂಬಗಳು ಬೇಡ, ‘ಸೈಕಲ್ ಸವಾರರೇ ಇಳಿಯಿರಿ’ ಎಂಬ ಫಲಕಗಳೂ ಬೇಡ ಅಂತ ಅದರಲ್ಲಿದೆ. ನನಗೆ ತುಂಬಾ ಹಿಡಿಸಿದ ಮಾತು ಇನ್ನೊಂದು. ದಾರಿಯ ವಿನ್ಯಾಸ ಮಾಡುವವರು ಆ ಜಾಗದಲ್ಲಿ ಒಮ್ಮೆ ಸೈಕಲ್ ಮೇಲೆ ಹೋಗಿ ನೋಡಬೇಕಂತೆ. ಅಡುಗೆ ಮಾಡುವವರು ಒಂದು ತುತ್ತು ತಿಂದು ನೋಡಬೇಕು ಅಂತ ಸರ್ಕಾರವೇ ಬರೆದು ಕೊಡಬೇಕಾಗಿ ಬಂತು. ಅಷ್ಟು ದಿನ ಅವರು ಏನು ಮಾಡುತ್ತಿದ್ದರು ಅಂತ ಕೇಳಬೇಡಿ.

ನಮ್ಮ ಬೆಟ್ಟದ ಎಂಜಿನಿಯರ್ ಸಾಹೇಬರೂ ಇಂಥದ್ದೊಂದು ಆದೇಶ ಓದಿದರು ಅನ್ನಿ. ಓದಿದ ಮೇಲೆ ಬಿಡುವ ಹಾಗಿಲ್ಲ. ಒಂದು ಭಾನುವಾರ ಸೈಕಲನ್ನು ಕಾರಿನ ತಲೆಗೆ ಕಟ್ಟಿಕೊಂಡು ಬಂದರು. ಪಾರ್ಕಿಂಗ್ ಜಾಗ ವಿಶಾಲವಾಗಿದೆ ಅಂತ ಮೊದಲೇ ಬರೆದುಕೊಂಡರು. ಸೈಕಲ್ ಇಳಿಸಿ, ಹೆಲ್ಮೆಟ್ ಬಿಗಿದು, ನಾಲ್ಕು ಪೆಡಲ್ ತುಳಿದರು. ಎದುರಿಗೆ ಫಲಕ: ‘ಇಳಿದು ತಳ್ಳಿಕೊಂಡು ಹೋಗಿ’. ಹಾಕಿಸಿದ್ದು ಅವರೇ. ಶಿಸ್ತಿನ ಮನುಷ್ಯ, ಇಳಿದರು. ಫಲಕ ಮುಗಿದ ಕಡೆ ಏರು ಶುರುವಾಯಿತು, ಹತ್ತುವುದು ಯಾಕೆ ಅಂತ ತಳ್ಳಿದರು. ಏರು ಮುಗಿದ ಕಡೆ ಗೇಟು. ಗೇಟಿನ ಆಚೆ ಇನ್ನೊಂದು ಫಲಕ. ಹೀಗೆ ಆಚೆ ತುದಿಯ ಪಾರ್ಕಿಂಗ್ ತಲುಪಿ, ಅಲ್ಲೇ ಬೆಂಚಿನ ಮೇಲೆ ಕೂತು ವರದಿ ಬರೆದರು:

‘ದಾರಿಯನ್ನು ಖುದ್ದಾಗಿ ಪರಿಶೀಲಿಸಲಾಗಿದೆ. ನಡೆಯಲು ಬಹಳ ಚೆನ್ನಾಗಿದೆ. ಸೈಕಲ್ ತರುವ ಅಗತ್ಯ ಕಂಡುಬರಲಿಲ್ಲ.’